ಹೆಂಚು ಇಳಿಸಿದ ಮನೆ

೧೮೯೮ ಸೆಪ್ಟೆಂಬರ್ ೫, ಸೋಮವಾರ

ಶಾಲೆ ಬಿಟ್ಟ ಮೇಲೆ ಹೆಡ್ ಮೇಷ್ಟ್ರು ರಾಮಸ್ವಾಮಿಗಳು ನಮ್ಮ ಮೂವರು ಉಪಾಧ್ಯಾಯರನ್ನೂ ಕೂರಿಸಿಕೊಂಡು ಮಾತಾಡಿದರು. ಪ್ಲೇಗು ಪೇಟೆಯೊಳಕ್ಕೆ ಬಂದಿದೆ ಅನ್ನುವುದು ಈಗ ಗುಟ್ಟಲ್ಲ. ನಮ್ಮ ಚಾಮರಾಜಪೇಟೆ ಹೊಸ ಬಡಾವಣೆ, ಬೀದಿ ಅಗಲ, ಗಾಳಿ ಬೆಳಕು ಧಾರಾಳ, ಇಲ್ಲಿಗೆ ಬರಲಾರದು ಎಂದುಕೊಂಡಿದ್ದೆವು. ಆದರೆ ಹುಡುಗರು ಅರ್ಧಕ್ಕರ್ಧ ಕಲಾಸಿಪಾಳ್ಯದ ಕಡೆಯವರು. ದಿನಕ್ಕಿಷ್ಟು ಮಂದಿ ಬರುವುದು ನಿಲ್ಲುತ್ತಿದೆ. ಊರು ಬಿಟ್ಟರೋ, ಮಲಗಿದ್ದಾರೋ, ಹೇಳುವವರಿಲ್ಲ.

ರಾಮಸ್ವಾಮಿಗಳ ಬುದ್ಧಿ ಎಷ್ಟು ತಿಳಿ! “ಯಾರ ಕೆಲಸ ಯಾವುದು ಅಂತ ಮೊದಲೇ ಗೊತ್ತಿದ್ದರೆ ಗಲಿಬಿಲಿ ಇಲ್ಲ ನೋಡಿ. ಬರದಿರೋ ಹುಡುಗರ ಮನೆಗೆ ಹೋಗಿ ವಿಚಾರಿಸೋದು ನಿಮ್ಮ ಕೆಲಸ. ಅದನ್ನ ಸಂಘಕ್ಕೆ ತಿಳಿಸೋದು ನನ್ನದು. ಗಂಜಿ, ಹಾಲು, ಔಷಧಿ ಕಳಿಸೋದು ಸಂಘದ್ದು. ವಾಸಿ ಮಾಡೋದು ಭಗವಂತಂದು” ಎಂದರು.

ಸಂಘವೆಂದರೆ ಜನೋಪಕಾರ ಸಂಘ. ಅದರ ಕಾರ್ಯದರ್ಶಿ ಶೀನಣ್ಣನವರೂ ಬಂದಿದ್ದರು. ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ, ಸಾಧು ಮನುಷ್ಯ. ಕೈ ಮುಗಿದುಕೊಂಡೇ ಮಾತಾಡಿದರು. “ಮೇಷ್ಟ್ರು ಅಂದ್ರೆ ಜನ ಬಾಗಿಲು ತೆಗೀತಾರೆ. ನಮಗೆ ತೆಗೆಯೋಲ್ಲ. ಅದಕ್ಕೇ ನಿಮ್ಮನ್ನ ಬೇಡ್ತಿರೋದು” ಎಂದರು.

ಮನಸ್ಸಿಗೆ ಹಿತವಾಯಿತು. ಇಂಥ ಕಾಲದಲ್ಲಿ ಮನುಷ್ಯ ತನ್ನ ಪಾಲಿನ ಕೆಲಸವನ್ನು ನೆಟ್ಟಗೆ ಮಾಡಿದರೆ ಸಾಕು, ಮಿಕ್ಕದ್ದನ್ನು ಮಿಕ್ಕವರು ನೋಡಿಕೊಳ್ಳುತ್ತಾರೆ. ಹೆಂಡತಿ ತೌರಿನಲ್ಲಿ, ಮಾಗಡಿ ಕಡೆ, ಕ್ಷೇಮವಾಗಿದ್ದಾಳೆ. ನನಗೆ ಬೇರೆ ಚಿಂತೆಯಿಲ್ಲ.

ಸೆಪ್ಟೆಂಬರ್ ೮, ಗುರುವಾರ

ಮೂರು ದಿನದಿಂದ ಸಂಜೆ ಹೊತ್ತು ಬೀದಿ ಸುತ್ತುತ್ತಿದ್ದೇನೆ. ಶೀನಣ್ಣನವರು ಹೇಳಿದ್ದು ನಿಜ. ಕಚೇರಿಯವರ ಅಂಗಿ, ರುಮಾಲು ಕಂಡರೆ ಒಳಗೆ ಅಗುಳಿ ಹಾಕುವ ಜನ “ನಾನು ಏಕಾಂತಯ್ಯ, ಶಾಲೆ ಮೇಷ್ಟ್ರು” ಅಂದರೆ ತೆಗೆಯುತ್ತಾರೆ. ನಾನು ಹೊಸಲು ದಾಟುವುದಿಲ್ಲ. ನಿಂತೇ ವಿಚಾರಿಸಿ ಬರುತ್ತೇನೆ. ನೀರು ಕೊಡಲು ಬಂದರೆ ಬೇಡವೆನ್ನುತ್ತೇನೆ, ಅವರೂ ಬಲವಂತ ಮಾಡುವುದಿಲ್ಲ.

ನಿನ್ನೆ ಹೇಳಿದ ಎರಡು ಮನೆಗೆ ಇಂದು ಗಂಜಿ ಹೋಗಿತ್ತು. ಬಾಣಂತಿಯೊಬ್ಬಳಿಗೆ ಹಾಲು ಕೂಡ. ಅವಳ ಗಂಡ ನನ್ನ ಕಾಲಿಗೆ ಬೀಳಲು ಬಂದ. ಸಂಘದವರಿಗೆ ಬೀಳಪ್ಪಾ ಎಂದೆ. ಎನ್ನುವಾಗ ಒಳಗೊಳಗೇ ಸಂತೋಷವಾಯಿತು ಎಂದು ಇಲ್ಲಿ ಬರೆದರೆ ತಪ್ಪಿಲ್ಲ.

ಸೆಪ್ಟೆಂಬರ್ ೧೩, ಮಂಗಳವಾರ

ಮುನಿಕೃಷ್ಣ ಶನಿವಾರದಿಂದ ಬಂದಿಲ್ಲ. ಮೂರನೆಯ ತರಗತಿಯಲ್ಲಿ ಅವನಿಲ್ಲದಿದ್ದರೆ ನನಗೆ ಪಾಠ ಸಾಗುವುದಿಲ್ಲ. ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಎದ್ದು ನಿಂತು ತಪ್ಪು ಉತ್ತರ ಹೇಳಿ ಎಲ್ಲರನ್ನೂ ನಗಿಸುವ ಹುಡುಗ. ತಂದೆ ಮುನಿಶಾಮಪ್ಪ ಸೊಪ್ಪು ತರಕಾರಿ ಬೆಳೆಯುವವನು. ಕಲಾಸಿಪಾಳ್ಯದ ಹಿಂದೆ ತೋಟ, ತೋಟದ ಮಗ್ಗುಲಲ್ಲೇ ಹೆಂಚಿನ ಮನೆ.

ಬಾಗಿಲು ಬಡಿದೆ. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ತಾಯಿ ದ್ರೌಪದಮ್ಮ ಬಂದು ಬಾಗಿಲನ್ನು ಮುಖ ಕಾಣುವಷ್ಟು ಮಾತ್ರ ತೆಗೆದಳು.

“ಹುಡುಗ ಊರಿಗೋಗವ್ನೆ ಮೇಷ್ಟ್ರೇ” ಎಂದಳು. ಒಳಗಿನಿಂದ ಮುನಿಕೃಷ್ಣ ನರಳಿದ ದನಿ ಕೇಳಿಸಿತು. ಅವಳ ಮುಖ ಬಿಳುಚಿತು.

“ನೋಡಮ್ಮ, ನಾನು ಪೋಲೀಸಿನವನಲ್ಲ” ಎಂದೆ.

ಆಗ ಒಳಕ್ಕೆ ಕರೆದಳು. ಮೊದಲ ಸಲ ಹೊಸಲು ದಾಟಿದೆ. ಹುಡುಗ ಕಂಬಳಿ ಹೊದ್ದು ನಡುಗುತ್ತಿದ್ದ. ಅವನ ಅಜ್ಜಿ ಮುನಿಗಂಗಮ್ಮ ತಲೆದೆಸೆಯಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಗಟ್ಟಿ ಮುದುಕಿ, ಈಗಲೂ ಬುಟ್ಟಿ ಹೊತ್ತು ಸಂತೆಗೆ ಹೋಗುವವಳು.

“ಚಳಿಜ್ವರ ಸ್ವಾಮಿ. ಓದ್ ವರ್ಷಾನೂ ಇಂಗೇ ಬಂದಿತ್ತು. ದಿನ ಬಿಟ್ಟು ದಿನ ಬತ್ತದೆ. ಪ್ಲೇಗ್ ಗೆಡ್ಡೆಗಿಡ್ಡೆ ಏನೂ ಇಲ್ಲ, ಬೇಕಾದ್ರೆ ನೋಡಿ” ಎಂದು ಅಜ್ಜಿ ಹುಡುಗನ ಕಂಕುಳು ಎತ್ತಿ ತೋರಿಸಿದಳು.

ದ್ರೌಪದಮ್ಮ ನನ್ನ ಮುಂದೆ ನೆಲಕ್ಕೆ ಕೂತಳು. “ಯಾರ್ಗೂ ಹೇಳ್ಬೇಡಿ ಮೇಷ್ಟ್ರೇ. ಪ್ಲೇಗ್ನೋರ್ಗೆ ಗೊತ್ತಾದ್ರೆ ಎಲ್ಲಾರ್ನೂ ಗಾಡೀಲಿ ತುಂಬ್ಕೊಂಡ್ ಊರಾಚೆ ಕ್ಯಾಂಪ್ಗೆ ಹೋಯ್ತಾರೆ. ಜ್ವರ ಯಾವ್ದು ಅಂತ ಕೇಳಾಕಿಲ್ಲ.”

“ಹೆಡ್ ಮೇಷ್ಟ್ರಿಗೆ ಮಾತ್ರ ಹೇಳ್ತೀನಿ. ಅವರು ಗಂಜಿ, ಕ್ವಿನೈನು ಕಳಿಸೋ ಏರ್ಪಾಟು ಮಾಡ್ತಾರೆ. ಅದರಾಚೆ ಹೋಗೋಲ್ಲ” ಎಂದೆ.

“ಆಣೆ ಮಾಡಿ.”

ಕೊರಳಲ್ಲಿದ್ದ ಲಿಂಗ ಮುಟ್ಟಿ ಹೇಳಿದೆ. ಅವಳು ಅಳುತ್ತಾ ನಕ್ಕಳು.

ಸೆಪ್ಟೆಂಬರ್ ೧೪, ಬುಧವಾರ

ಹೆಡ್ ಮೇಷ್ಟ್ರಿಗೆ ತಿಳಿಸಿದೆ. ಚಳಿಜ್ವರ, ಬೇರೇನಿಲ್ಲ, ನಾನೇ ಕಣ್ಣಾರೆ ನೋಡಿದೆ, ಮಾತು ಕೊಟ್ಟಿದ್ದೇನೆ ಎಂದೂ ಹೇಳಿದೆ. “ಒಳ್ಳೇದು, ಒಳ್ಳೇದು” ಎಂದರು. ಮನೆ ಯಾವ ದಿಕ್ಕು, ತೋಟದ ಎಡಕ್ಕೋ ಬಲಕ್ಕೋ ಎಂದು ಕೇಳಿ ತಿಳಿದುಕೊಂಡರು. ಗಂಜಿ ಹೊತ್ತುಕೊಂಡು ಹೋಗುವವನಿಗೆ ದಾರಿ ತಿಳಿಯಬೇಕಲ್ಲ.

ಸೆಪ್ಟೆಂಬರ್ ೧೫, ಗುರುವಾರ

ಬೆಳಿಗ್ಗೆ ಮೊದಲ ಪಾಠದ ಹೊತ್ತಿಗೆ ಒಬ್ಬ ಹುಡುಗ ಓಡಿಬಂದು “ಸಾರ್, ಮುನಿಕೃಷ್ಣನ ಮನೆ ಕೀಳ್ತಾವ್ರೆ” ಎಂದ. ತರಗತಿ ಬಿಟ್ಟು ಓಡಿದೆ.

ಸೂರಿನ ಮೇಲೆ ನಾಲ್ಕು ಜನ ನಿಂತು ಹೆಂಚು ಇಳಿಸುತ್ತಿದ್ದರು. ಬಿಸಿಲು ಬಿದ್ದು ರೋಗ ಸಾಯಲಿ ಎಂದು ಹೀಗೆ ಮಾಡುತ್ತಾರಂತೆ. ಒಳಗಿದ್ದ ಚಾಪೆ, ಕಂಬಳಿ, ದೇವರ ಪಟಕ್ಕೆ ಹೊದಿಸಿದ್ದ ಬಟ್ಟೆ ಎಲ್ಲ ಅಂಗಳದಲ್ಲಿ ಹೊತ್ತಿ ಉರಿಯುತ್ತಿದ್ದವು. ಗಾಡಿಯಲ್ಲಿ ಮುನಿಶಾಮಪ್ಪ ಹುಡುಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಅಜ್ಜಿ ಹತ್ತುವುದಿಲ್ಲವೆಂದು ಗಾಡಿಯ ಗೂಟ ಹಿಡಿದು ನಿಂತಿದ್ದಳು. ಜವಾನನೊಬ್ಬ ಅವಳ ರಟ್ಟೆ ಹಿಡಿದು ಎತ್ತಿ ಹಾಕಿದ.

“ಚಳಿಜ್ವರ ರೀ ಅದು! ನಾನು ನೋಡಿದೀನಿ!” ಎಂದು ಕೂಗಿದೆ.

ಪ್ಲೇಗ್ ಇನಸ್ಪೆಕ್ಟರು ತಿರುಗಿ, “ನೀವೇನಾ ಏಕಾಂತಯ್ಯ? ನಿಮ್ಮ ವರ್ತಮಾನದ ಮೇಲೇ ಬಂದಿರೋದು” ಎಂದ. ಬೀದಿಗೆ ಬೀದಿಯೇ ಕೇಳುವಂತೆ ಅಂದ.

ದ್ರೌಪದಮ್ಮ ಗಾಡಿಯೊಳಗಿನಿಂದ ನನ್ನನ್ನು ನೋಡಿದಳು. ಗಾಡಿ ಹೋಯಿತು.

ಸೆಪ್ಟೆಂಬರ್ ೧೬, ಶುಕ್ರವಾರ

ರಾಮಸ್ವಾಮಿಗಳನ್ನು ಕೇಳಿದೆ. ಇದು ಹೇಗಾಯಿತು ಸ್ವಾಮಿ?

“ನಾನು ಸಂಘಕ್ಕೆ ತಿಳಿಸಿದೆ, ಅಷ್ಟೆ. ನನ್ನ ಕೆಲಸ ಅದು. ಸಂಘ ಮುಂದೆ ಯಾರಿಗೆ ತಿಳಿಸ್ತು ಅನ್ನೋದು ಸಂಘದ ವಿಷಯ.”

“ನಾನು ಮಾತು ಕೊಟ್ಟಿದ್ದೆ.”

“ನೀವು ಕೊಟ್ಟಿದ್ದಿರಿ. ಶಾಲೆ ಕೊಟ್ಟಿರಲಿಲ್ಲವಲ್ಲ.”

ಅಲ್ಲಿಂದ ಚಿಕ್ಕಪೇಟೆಗೆ ನಡೆದೆ. ಶೀನಣ್ಣನವರು ಎಂದಿನಂತೆ ಕೈ ಮುಗಿದು, ಮಣೆ ಹಾಕಿ, ಅಳುವವರ ಹಾಗೆ ಮುಖ ಮಾಡಿದರು. “ಏನ್ ಮಾಡ್ಲಿ ಮೇಷ್ಟ್ರೇ, ಗಂಜಿ ಗಾಡಿ ಬೀದಿಗೆ ಬಿಡಬೇಕಾದ್ರೆ ಪ್ಲೇಗ್ ಕಚೇರಿ ರಹದಾರಿ ಬೇಕು. ಜ್ವರದ ಮನೆಗಳನ್ನ ತಿಳಿಸಿದ್ರೆ ಮಾತ್ರ ರಹದಾರಿ ಅಂದ್ರು. ನಿಮ್ಮ ಹೆಡ್ ಮೇಷ್ಟ್ರಿಗೆ ಮೊದಲ ದಿವಸವೇ ಹೇಳಿದ್ದೆ. ಅವರು ನಿಮಗೆ ಹೇಳಲಿಲ್ವೇ?”

ಮೊದಲ ದಿವಸವೇ. ಯಾರ ಕೆಲಸ ಯಾವುದು ಎಂದು ನಮಗೆ ಹಂಚಿಕೊಟ್ಟ ದಿವಸವೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ, ಬಾಗಿಲು ತೆಗೆಸುವುದಕ್ಕೆ ನನ್ನ ಮುಖ ಕಳಿಸಿದರು.

ಹಾಗಾದರೆ ಗಂಜಿ ಕುಡಿದ ಮನೆಗಳು? ಆ ಬಾಣಂತಿ? ಕೇಳಿದೆ. ಶೀನಣ್ಣ ಬಟ್ಟೆಯ ಮಡಿಕೆ ಸರಿಮಾಡುತ್ತಾ, “ಆ ಕಡೆ ಎರಡು ಮೂರು ಮನೆ ಖಾಲಿ ಆಗಿವೆ” ಎಂದರು.

ಸೆಪ್ಟೆಂಬರ್ ೧೭, ಶನಿವಾರ

ಶಾಲೆಗೆ ಹೋದೆ. ಪಾಠ ಮಾಡಿದೆ. ಬಂದೆ.

ಸೆಪ್ಟೆಂಬರ್ ೨೫, ಭಾನುವಾರ

ಕ್ಯಾಂಪಿಗೆ ಹೋಗಿದ್ದೆ. ಊರಾಚೆ ಬಯಲಿನಲ್ಲಿ ತಡಿಕೆ ಶೆಡ್ಡುಗಳ ಸಾಲು, ಸುತ್ತ ಮುಳ್ಳು ಬೇಲಿ. ಒಳಗೆ ಬಿಡಲಿಲ್ಲ. ಬೇಲಿಯ ಹೊರಗೆ ನಿಂತು ಮುನಿಶಾಮಪ್ಪನ ಮನೆಯವರನ್ನು ಕೂಗಿಸಿದೆ.

ದ್ರೌಪದಮ್ಮ ಬಂದಳು. ಮುನಿಕೃಷ್ಣನ ಜ್ವರ ಬಿಟ್ಟಿತ್ತು. ಚಳಿಜ್ವರವೇ, ಕ್ವಿನೈನು ಕೊಟ್ಟರು, ಎದ್ದು ಓಡಾಡುತ್ತಿದ್ದಾನೆ. ಆದರೆ ಪಕ್ಕದ ಶೆಡ್ಡಿನಲ್ಲಿ ನಿಜವಾದ ಪ್ಲೇಗಿನವರನ್ನು ಇಟ್ಟಿದ್ದರಂತೆ. ಅಜ್ಜಿಗೆ ಮಂಗಳವಾರ ಜ್ವರ ಬಂತು. ಶುಕ್ರವಾರ ಹೋದಳು. ಮಣ್ಣು ಮಾಡಲು ಮಗನನ್ನೂ ಬಿಡಲಿಲ್ಲ.

“ದ್ರೌಪದಮ್ಮ, ನಾನು ಹೇಳಿದ್ದು ಬರೀ ಹೆಡ್…”

“ಹೋಗಯ್ಯಾ” ಎಂದಳು. ಮೇಷ್ಟ್ರೇ ಎನ್ನಲಿಲ್ಲ. “ಪೋಲೀಸ್ನೋರು ಬೂಟ್ಸ್ ಹಾಕ್ಕೊಂಡ್ ಬಂದಿದ್ರೆ ಕದ ಹಾಕ್ಕೊಂಡಿರ್ತಿದ್ದೆ. ನೀನು ದೇವ್ರು ಮುಟ್ಕೊಂಡ್ ಬಂದೆ.”

ತಿರುಗಿ ಹೋದಳು. ಅವಳ ಹಿಂದೆ ಮುನಿಕೃಷ್ಣ ನಿಂತಿದ್ದ. ನನ್ನನ್ನು ಕಂಡು ಅಭ್ಯಾಸಬಲದಿಂದ ಕೈ ಕಟ್ಟಿ ನಿಂತ. ಅವಳು ಅವನ ಕೈ ಬಿಡಿಸಿ ಎಳೆದುಕೊಂಡು ಹೋದಳು.

ಅಕ್ಟೋಬರ್ ೩, ಸೋಮವಾರ

ಶಾಲೆಗಳನ್ನು ಮುಚ್ಚುವಂತೆ ಹುಕುಂ ಬಂತು. ಮುಚ್ಚದಿದ್ದರೂ ಒಂದೇ. ನನ್ನ ತರಗತಿಯಲ್ಲಿ ಇದ್ದವರು ಆರು ಹುಡುಗರು. ನಾನು ಬೀದಿಗೆ ಬಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ತರಕಾರಿ ಮಾರುವವಳು ಕೂಡ ಬುಟ್ಟಿಯ ಮೇಲೆ ಸೆರಗು ಹಾಕಿ ಮುಂದೆ ಹೋಗುತ್ತಾಳೆ.

ರಾಮಸ್ವಾಮಿ ಸಂಸಾರ ಸಮೇತ ಕೆಂಗೇರಿಯ ಆಚೆ ಮಾವನ ಊರಿಗೆ ಹೊರಟರಂತೆ. ಎರಡು ಗಾಡಿ ತುಂಬ ಸಾಮಾನು ಹೋಯಿತು ಎಂದು ಶಾಲೆಯ ಜವಾನ ಹೇಳಿದ. ಹೋಗಲಿ.

ಅಕ್ಟೋಬರ್ ೬, ಗುರುವಾರ

ಇದನ್ನು ಹೇಗೆ ಬರೆಯಲಿ.

ಶಾಲೆಯಲ್ಲಿ ನನ್ನ ಛತ್ರಿ ಇತ್ತು. ಕಾವಲಿಗೆ ಯಾರಾದರೂ ಇದ್ದರೆ ಶಾಲೆಯ ಬೀಗದ ಕೈ ರಾಮಸ್ವಾಮಿಯ ಮನೆಯಲ್ಲಿ ಸಿಕ್ಕೀತೇ ಎಂದು ಹೋದೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ. ಹಿಂದಿರುಗುವಾಗ ಒಳಗೆ ಯಾರೋ ಚೊಂಬು ಬೀಳಿಸಿದ ಶಬ್ದ. ಹಿತ್ತಲಿಗೆ ಹೋದೆ. ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಅವರ ತಂಗಿ ತ್ರಿಪುರಸುಂದರಮ್ಮ ನೆಲದ ಮೇಲೆ ಬಿದ್ದಿದ್ದಾರೆ. ವಿಧವೆ, ಅಣ್ಣನ ಮನೆಯಲ್ಲೇ ಇದ್ದು ಅಡಿಗೆ ಮಾಡಿಕೊಂಡಿದ್ದವರು. ಹಬ್ಬಕ್ಕೆ ಉಪಾಧ್ಯಾಯರಿಗೆಲ್ಲ ಊಟ ಬಡಿಸಿದ್ದಾರೆ.

“ಅಮ್ಮಾ, ನಾನು ಏಕಾಂತಯ್ಯ. ಬಾಗಿಲು ತೆಗೆಯೋಕೆ ಆಗುತ್ತಾ?”

“ಹೊರಗಿಂದ ಹಾಕಿದಾರೆ” ಎಂದರು. ದನಿ ಬಹಳ ಸಣ್ಣಗಿತ್ತು. “ನೀರು ಮುಗೀತು.”

“ಯಾವಾಗಿಂದ ಜ್ವರ?”

“ಅಣ್ಣ ಹೋಗೋ ಮುಂಚೆ. ತೊಡೆಸಂದೀಲಿ ಗೆಡ್ಡೆ ಎದ್ದಿದೆ ಅಂತ ಅತ್ತಿಗೆಗೆ ಹೇಳಿದೆ. ಯಾರಿಗಾದರೂ ಗೊತ್ತಾದರೆ ಮಕ್ಕಳನ್ನೂ ಕ್ಯಾಂಪಿಗೆ ಎಳೀತಾರೆ ಅಂದರು. ಎರಡು ದಿನ ಸುಮ್ಮನಿರು, ಆಳು ಕಳಿಸ್ತೀನಿ ಅಂದ ಅಣ್ಣ.”

ಆಳು ಬಂದಿರಲಿಲ್ಲ.

ಹಾರೆ ತಂದು ಹಿತ್ತಲ ಬಾಗಿಲು ಮೀಟಿದೆ. ನೀರು ಕೊಡಲು ಹೋದರೆ ಆ ಸ್ಥಿತಿಯಲ್ಲೂ, “ಮುಟ್ಟಬೇಡಿ” ಎಂದರು. ಚೊಂಬು ದೂರ ಇಟ್ಟೆ. ಎತ್ತಿಕೊಳ್ಳಲು ಆಗಲಿಲ್ಲ. ಆಮೇಲೆ ಅವರೇ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು. ತಲೆ ಎತ್ತಿ ಹಿಡಿದು ಕುಡಿಸಿದೆ.

ಊರಿನವರ ಮನೆಯ ನೆಗಡಿಯನ್ನೆಲ್ಲ ಒಪ್ಪಿಸಿದವನು ತನ್ನ ಮನೆಯ ಪ್ಲೇಗಿಗೆ ಬೀಗ ಹಾಕಿಕೊಂಡು ಹೋಗಿದ್ದಾನೆ.

ಅಕ್ಟೋಬರ್ ೭, ಶುಕ್ರವಾರ, ಕ್ಯಾಂಪು

ಪ್ಲೇಗ್ ಕಚೇರಿಗೆ ನಾನೇ ಹೋಗಿ ಹೇಳಬೇಕಾಯಿತು. ಬೇರೆ ದಾರಿಯಿರಲಿಲ್ಲ. ಗೆಡ್ಡೆ ಒಡೆಯದಿದ್ದರೆ ಬದುಕುವುದಿಲ್ಲ, ಡಾಕ್ಟರು ಇರುವುದು ಅಲ್ಲೇ. ಹೋಗುವ ಮೊದಲು ತ್ರಿಪುರಸುಂದರಮ್ಮನನ್ನು ಕೇಳಿದೆ. “ಹೇಳಲಾ ಅಮ್ಮ?”

“ನನ್ನೊಬ್ಬಳನ್ನೇ ಕಳಿಸಿಬಿಡ್ತೀರಾ?”

“ಇಲ್ಲ.”

ಗಾಡಿ ಬಂದಾಗ ನಾನೂ ಹತ್ತಿದೆ. ಇನಸ್ಪೆಕ್ಟರು, “ನಿಮಗೇನಾಗಿದೆ? ಒಳಗೆ ಹೋದರೆ ಹೊರಗೆ ಬಿಡೋಕೆ ದಿನ ಹಿಡಿಯುತ್ತೆ” ಎಂದ. ಮುಟ್ಟಿದ್ದೇನೆ ಎಂದೆ. ಅವನು ಹೆಗಲು ಕುಣಿಸಿ ಗಾಡಿ ಬಿಡಿಸಿದ. ದಾರಿಯುದ್ದಕ್ಕೂ ತ್ರಿಪುರಸುಂದರಮ್ಮ ನನ್ನ ಉತ್ತರೀಯದ ತುದಿ ಹಿಡಿದುಕೊಂಡಿದ್ದರು.

ಕ್ಯಾಂಪಿನ ಬಾಗಿಲಲ್ಲಿ ದ್ರೌಪದಮ್ಮ ಕೊಡ ಹಿಡಿದು ನಿಂತಿದ್ದಳು. ಮುದುಕಿ ಸತ್ತದ್ದರಿಂದ ಅವರನ್ನು ಇನ್ನೂ ಬಿಟ್ಟಿಲ್ಲ. ಗಾಡಿಯಿಂದ ಇಳಿದ ನನ್ನನ್ನು ನೋಡಿ, “ಇವತ್ತು ಯಾರ್ನ ಹಿಡ್ಕೊಟ್ಟೆ?” ಎಂದಳು.

ಹೆಡ್ ಮೇಷ್ಟ್ರ ತಂಗಿ ಎಂದೆ.

ಕೊಡ ಕೆಳಗಿಟ್ಟು ಗಾಡಿಯೊಳಕ್ಕೆ ಬಗ್ಗಿ ನೋಡಿದಳು.

ಅಕ್ಟೋಬರ್ ೧೩, ಗುರುವಾರ

ತ್ರಿಪುರಸುಂದರಮ್ಮನ ಗೆಡ್ಡೆ ಒಡೆಯಿತು. ಬದುಕುತ್ತಾರೆ ಎಂದು ಡಾಕ್ಟರು ಹೇಳಿದರು. ಆ ಸಾಲಿನಲ್ಲಿ ಉಳಿದದ್ದು ಇವರೊಬ್ಬರೇ.

ಬೆಳಿಗ್ಗೆ ನೀರು ತರುತ್ತೇನೆ, ಗಂಜಿ ಕಾಯಿಸುತ್ತೇನೆ, ಬಟ್ಟೆ ಕುದಿಸುತ್ತೇನೆ. ಬಿಡುವಾದಾಗ ಮಕ್ಕಳು ಸುತ್ತ ಬಂದು ಕೂರುತ್ತಾರೆ. ಮಣ್ಣಿನ ಮೇಲೆ ಅಕ್ಷರ ಬರೆಸುತ್ತೇನೆ. ಮುನಿಕೃಷ್ಣನನ್ನು ಅವನ ತಾಯಿ ಬಿಡುವುದಿಲ್ಲ. ದೂರದಿಂದ ನೋಡುತ್ತಿರುತ್ತಾನೆ. ಗಂಡಸರ ಶೆಡ್ಡಿನಲ್ಲಿ ಒಬ್ಬ ತೀರಿಕೊಂಡ, ಅವನನ್ನು ಹೊರಲು ನಾಲ್ಕನೆಯವನಿರಲಿಲ್ಲ, ಹೋದೆ. ಬರೆಯಲು ಪುರಸೊತ್ತಿಲ್ಲ.

ಅಕ್ಟೋಬರ್ ೧೯, ಬುಧವಾರ

ವಿಚಾರಣೆಗೆ ಬಂದರು. ರೋಗ ಮುಚ್ಚಿಟ್ಟರೆ ಶಿಕ್ಷೆಯಾಗುತ್ತದೆ, ಯಾರು ಮುಚ್ಚಿಟ್ಟರು ಎಂದು ತಿಳಿಯಬೇಕಂತೆ. ಕಚೇರಿಯವರ ಜೊತೆ ಶೀನಣ್ಣ ಇದ್ದರು. ಅವರ ಹಿಂದೆ, ಹೊಸದಾಗಿ ಒಗೆದ ಪಂಚೆ ಉಟ್ಟು, ರಾಮಸ್ವಾಮಿ.

ಅವನು ನನ್ನ ಮುಖ ನೋಡಲಿಲ್ಲ. ತಂಗಿಯ ಮುಖ ನೋಡಿದ. “ಹೇಗಿದೀಯಮ್ಮ” ಎಂದ. ಆಕೆ ಶೆಡ್ಡಿನ ಕಂಬ ಹಿಡಿದು ಎದ್ದು ನಿಂತರು.

ಅಧಿಕಾರಿ ಕೇಳಿದರು, “ನಿಮಗೆ ಜ್ವರ ಬಂದಾಗ ಅಣ್ಣ ಊರಲ್ಲಿದ್ದರಾ?”

ಎಲ್ಲರೂ ಕಾಯುತ್ತಿದ್ದರು. ನಾನು ನಿಶ್ಚಿಂತನಾಗಿದ್ದೆ. ಆಕೆ ಹೇಳುತ್ತಾರೆ, ಮುಗಿಯುತ್ತದೆ ಎಂದುಕೊಂಡಿದ್ದೆ.

“ಇರಲಿಲ್ಲ” ಎಂದರು. “ಅವರು ಹೋದ ಮೇಲೆ ಬಂತು.”

“ಹೊರಗೆ ಬೀಗ ಯಾರು ಹಾಕಿದ್ದು?”

ಆಕೆ ನೆಲ ನೋಡಿದರು. “ಈ ಮೇಷ್ಟ್ರು ಬಂದು ಹೋಗ್ತಿದ್ರು. ಅವರಿಗೆ ಗೊತ್ತಿತ್ತು.”

ನಾನು ಅಲ್ಲಗಳೆಯಲಿಲ್ಲ, ಅಧಿಕಾರಿ ಬರೆದುಕೊಂಡರು. ಶೀನಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಶಿಕ್ಷೆ ಆಗದ ಹಾಗೆ ನೋಡಿಕೊಳ್ಳುತ್ತೇನೆ, ಶಾಲೆಯ ಕೆಲಸ ಮಾತ್ರ ಉಳಿಯಲಾರದು, ಶಾಲೆಯ ಹೆಸರೂ ನೋಡಬೇಕಲ್ಲ ಎಂದರು. ಕೈ ಮುಗಿದುಕೊಂಡೇ ಹೇಳಿದರು.

ಅವರೆಲ್ಲ ಹೋದ ಮೇಲೆ ತ್ರಿಪುರಸುಂದರಮ್ಮನ ಹತ್ತಿರ ಹೋಗಿ ನಿಂತೆ.

“ಯಾಕಮ್ಮ?”

“ಇಲ್ಲಿಂದ ಬಿಟ್ಟ ಮೇಲೆ ನಾನು ಯಾವ ಮನೆಗೆ ಹೋಗಲಿ, ಹೇಳಿ” ಎಂದರು. ಅಳಲಿಲ್ಲ. “ನೀವು ಗಂಡಸರು. ಎಲ್ಲಾದರೂ ಬದುಕ್ತೀರಿ.”

ಸಿಟ್ಟು ಇದೆ, ಅದನ್ನು ಆಕೆಯ ಮೇಲೆ ಇಡೋಣವೆಂದರೆ ಅಲ್ಲಿ ನಿಲ್ಲುತ್ತಿಲ್ಲ. ಸಂಜೆಯ ಗಂಜಿ ಕಾಯಿಸಿ ಆಕೆಗೆ ಕೊಟ್ಟು ಬಂದೆ. ಯಾರಾದರೂ ಕೊಡಬೇಕಲ್ಲ.

ಬೇಲಿಯ ಹತ್ತಿರ ಕೂತಿದ್ದಾಗ ದ್ರೌಪದಮ್ಮ ಬಂದಳು. ಎಲ್ಲ ಕೇಳಿಸಿಕೊಂಡಿದ್ದಾಳೆ, ತಡಿಕೆಯ ಆಚೆಗೇ ಅವಳ ಜಾಗ.

“ಹೆಂಗಿರ್ತದೆ ಅಂತ ಗೊತ್ತಾಯ್ತಾ?” ಎಂದಳು.

ಗೊತ್ತಾಯಿತು ಎಂದೆ.

ಅವಳು ಕೊಡ ಎತ್ತಿಕೊಂಡು ಹೋದಳು.

ನವೆಂಬರ್ ೨೦, ಭಾನುವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕ್ಯಾಂಪಿನಿಂದ ನಮ್ಮನ್ನೆಲ್ಲ ಬಿಟ್ಟು ಮೂರು ವಾರವಾಯಿತು. ರಾಮಸ್ವಾಮಿ ಜಟಕಾ ತಂದು ತಂಗಿಯನ್ನು ಕರೆದುಕೊಂಡು ಹೋದ. ಜಟಕಾ ಹತ್ತುವಾಗ ಆಕೆ ನನ್ನ ಕಡೆ ತಿರುಗಿದರು, ಅಣ್ಣ ಪರದೆ ಎಳೆದ. ಶಾಲೆ ಮತ್ತೆ ತೆರೆದಾಗ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರಂತೆ. ಜನೋಪಕಾರ ಸಂಘದವರು ರಾಮಸ್ವಾಮಿಗೆ ಶಾಲು ಹೊದಿಸುವ ಏರ್ಪಾಟು ಮಾಡುತ್ತಿದ್ದಾರೆ, ಈ ಕಷ್ಟಕಾಲದಲ್ಲಿ ಮಾಡಿದ ಸೇವೆಗೆ. ಹೋಗಿ ಸಭೆಯಲ್ಲೇ ಎದ್ದು ನಿಲ್ಲಲೇ ಎಂದುಕೊಂಡೆ. ನಿಂತರೆ ತ್ರಿಪುರಸುಂದರಮ್ಮ ಮತ್ತೊಮ್ಮೆ ನೆಲ ನೋಡಬೇಕಾಗುತ್ತದೆ. ಬಿಟ್ಟೆ.

ಊರಿಗೆ ಹೋಗೋಣವೆಂದು ಗಂಟು ಕಟ್ಟಿದ್ದೆ. ಬೆಳಿಗ್ಗೆ ಗಾಡಿ ಅಡ್ಡೆಗೆ ಹೊರಟವನು ಕಲಾಸಿಪಾಳ್ಯದ ಹಿಂದಿನ ದಾರಿ ಹಿಡಿದೆ. ಮುನಿಶಾಮಪ್ಪನ ಮನೆ ಇನ್ನೂ ಬೋಳಾಗಿಯೇ ಇತ್ತು. ತೋಟದ ಸೊಪ್ಪೆಲ್ಲ ಬಿತ್ತಕ್ಕೆ ಹೋಗಿತ್ತು. ಹೆಂಚುಗಳು ಗೋಡೆಯ ಬುಡದಲ್ಲಿ ರಾಶಿ ಬಿದ್ದಿದ್ದವು, ಕೆಲವು ಒಡೆದಿದ್ದವು. ಅವನೊಬ್ಬನೇ ಸೂರಿನ ಮೇಲೆ ಕೂತು ಹೆಂಚು ಕೂರಿಸುವ ರೀಪಿನ ಪಟ್ಟಿ ಬಡಿಯುತ್ತಿದ್ದ. ಕೆಳಗಿನಿಂದ ಹೆಂಚು ಕೊಡುತ್ತಿದ್ದವಳು ದ್ರೌಪದಮ್ಮ. ಕೂಲಿಯವರು ಯಾರೂ ಪ್ಲೇಗಿನ ಮನೆಗೆ ಬರುವುದಿಲ್ಲವಂತೆ.

ಗಂಟು ಕೆಳಗಿಟ್ಟು ಏಣಿ ಹತ್ತಿ ಮಧ್ಯದಲ್ಲಿ ನಿಂತೆ. ಅವಳು ಹೆಂಚು ಹಿಡಿದುಕೊಂಡು ನನ್ನನ್ನು ನೋಡಿದಳು. ಕೊಡಲೋ ಬೇಡವೋ ಎಂಬಂತೆ ಬಹಳ ಹೊತ್ತು ನೋಡಿದಳು. ಮೇಲಿನಿಂದ ಮುನಿಶಾಮಪ್ಪ, “ಕೊಡೇ, ಬಿಸಿಲು ಏರ್ತಾ ಅದೆ” ಎಂದ. ಕೊಟ್ಟಳು.

ಮಧ್ಯಾಹ್ನದವರೆಗೆ ಹೆಂಚು ಕೈಯಿಂದ ಕೈಗೆ ಹೋಯಿತು. ಒಂದು ಮಗ್ಗುಲು ಮುಗಿಯಿತು. ಕೈಗಳೆಲ್ಲ ಕೆಂಪು ಪುಡಿ. ಕೆಳಗಿಳಿದಾಗ ಅವಳು ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟಳು, ಕೈಗೆ ಕೊಡಲಿಲ್ಲ. ಕುಡಿದೆ.

“ನಿಮ್ಮೇಲೆ ನಂಗೆ ನಂಬ್ಕೆ ಇಲ್ಲ ಮೇಷ್ಟ್ರೇ” ಎಂದಳು.

“ಗೊತ್ತಮ್ಮ.”

“ಇನ್ನೊಂದ್ ಮಗ್ಗುಲು ನಾಳೀಕೆ ಆಯ್ತದೆ” ಎಂದು ಹೇಳಿ ಒಳಕ್ಕೆ ಹೋದಳು.

ಗಂಟು ಬಿಚ್ಚಿದ್ದೇನೆ.